ಆರನೆಯ ಹೆಸರು

ಉದ್ಯೋಗ ಕಚೇರಿಯಲ್ಲಿ ನನ್ನ ಪಕ್ಕದ ಮೇಜು ಅವರದು. ಅದರ ಮೇಲೆ ‘ಹಿರಿಯ ಉದ್ಯೋಗ ತಜ್ಞ’ ಎಂಬ ಹಲಗೆ ಬಂದು ಕೂತ ದಿನವೇ ನಾವೆಲ್ಲ ಅವರನ್ನು ತಜ್ಞರು ಎಂದು ಕರೆಯತೊಡಗಿದೆವು. ಮೊದಲು ಗೇಲಿಗೆ, ಆಮೇಲೆ ರೂಢಿಗೆ, ಕೊನೆಕೊನೆಗೆ ಗೌರವಕ್ಕೆ. ಮೂವತ್ತೊಂದು ವರ್ಷ ಊರಿನವರಿಗೆಲ್ಲ ಕೆಲಸ ಹುಡುಕುವುದೇ ಅವರ ಕೆಲಸವಾಗಿತ್ತು. ಎಷ್ಟು ಜನಕ್ಕೆ ಸಿಕ್ಕಿತು ಎಂದು ಮಾತ್ರ ಕೇಳಬೇಡಿ. ಹತ್ತೊಂಬತ್ತು ವರ್ಷ ಅಲ್ಲಿ ಪಟ್ಟಿಗಳನ್ನು ಟೈಪ್ ಮಾಡಿದವಳು ನಾನು. ಉತ್ತರ ಗೊತ್ತಿರುವುದರಿಂದಲೇ ಬೇಡ ಎನ್ನುತ್ತಿದ್ದೇನೆ.

ಕಚೇರಿ ಎಂದರೆ ಒಂದೇ ಉದ್ದನೆಯ ಕೋಣೆ. ಒಂದು ಗೋಡೆಗೆ ಕಬ್ಬಿಣದ ಬೀರುಗಳು, ಎದುರು ಗೋಡೆಗೆ ಬೆಂಚು. ಬೆಂಚಿನಲ್ಲಿ ಕೂತವರು ತಲೆ ಒರಗಿಸಿ ಒರಗಿಸಿ ಗೋಡೆಯ ಮೇಲೆ ಎಣ್ಣೆಯ ಕಲೆಗಳು ಸಾಲಾಗಿ ಮೂಡಿದ್ದವು. ಎಷ್ಟು ಸಲ ಬಣ್ಣ ಬಳಿದರೂ ಆರು ತಿಂಗಳಿಗೆ ಮತ್ತೆ ಹಾಜರು. ತಜ್ಞರ ಮೇಜಿಗೆ ಎರಡು ಕುರ್ಚಿಗಳಿದ್ದವು, ಒಂದು ಗಟ್ಟಿ, ಇನ್ನೊಂದರ ಕಾಲು ಕುಂಟು. ಬಂದವರಿಗೆ ಗಟ್ಟಿ ಕುರ್ಚಿ ಕೊಟ್ಟು ತಾವು ಕುಂಟು ಕುರ್ಚಿಯಲ್ಲಿ ಕೂರುತ್ತಿದ್ದರು. ಹಾಗೆ ಕೂತು ಕೂತು ಅವರ ಎಡ ಹೆಗಲು ಸ್ವಲ್ಪ ತಗ್ಗಿಹೋಗಿತ್ತು. ರಸ್ತೆಯಲ್ಲಿ ನಡೆಯುವಾಗಲೂ ಕುರ್ಚಿ ಅವರ ಜೊತೆಗೇ ಇದೆಯೇನೋ ಅನ್ನಿಸುತ್ತಿತ್ತು.

ಉಳಿದ ನೌಕರರು ಬಂದವರನ್ನು ಏನು ಓದಿದ್ದೀರಿ ಎಂದು ಕೇಳುತ್ತಿದ್ದರು. ಇವರು, ಕೈಗೆ ಏನು ಬರುತ್ತೆ ಎಂದು ಕೇಳುತ್ತಿದ್ದರು. ಒಮ್ಮೆ ಒಬ್ಬ ನನಗೇನೂ ಬರಲ್ಲ ಎಂದು ಹಟ ಹಿಡಿದು ಕೂತ. ತಜ್ಞರು ಅರ್ಧ ಗಂಟೆ ಅವನ ಜೊತೆ ಅದೂ ಇದೂ ಮಾತಾಡಿ, ಈ ಮನುಷ್ಯ ಎಲ್ಲಿ ಕೂರಿಸಿದರೂ ತೂಕಡಿಸುವುದಿಲ್ಲ ಎಂದು ಕಂಡುಹಿಡಿದು, ಕಾವಲುಗಾರರ ವಿಭಾಗದಲ್ಲಿ ಅವನ ಹೆಸರು ಬರೆದರು. ಅವನಿಗೆ ಕೆಲಸವೂ ಸಿಕ್ಕಿತು. ಆ ಕಥೆಯನ್ನು ತಜ್ಞರು ಎಷ್ಟು ಸಲ ಹೇಳಿದ್ದರೆಂದರೆ, ಅವರು ಬಾಯಿ ತೆಗೆಯುತ್ತಿದ್ದಂತೆ ನಾನೇ ಮುಗಿಸಿಬಿಡುತ್ತಿದ್ದೆ. ಹೇಳಿಕೊಳ್ಳಲು ಅಂಥ ಕಥೆಗಳು ಹೆಚ್ಚು ಇರಲಿಲ್ಲವಲ್ಲ, ಪಾಪ.

ಇಲ್ಲಿ ನಮ್ಮ ಕಚೇರಿಯ ಕಟ್ಟಳೆಯೊಂದನ್ನು ಹೇಳಲೇಬೇಕು. ಹೆಸರು ಬರೆಸಿದ ಪ್ರತಿಯೊಬ್ಬರಿಗೂ ಒಂದು ಕಾರ್ಡು. ಮೂರು ವರ್ಷಕ್ಕೊಮ್ಮೆ, ಅದೇ ತಿಂಗಳಲ್ಲಿ, ಖುದ್ದಾಗಿ ಬಂದು ಅದನ್ನು ನವೀಕರಿಸಿಕೊಳ್ಳಬೇಕು. ಬಂದರೆ ಹಿರಿತನ ಉಳಿಯುತ್ತದೆ. ಒಂದು ಸಲ ತಪ್ಪಿದರೆ ಅಷ್ಟು ವರ್ಷ ಕಾದದ್ದೆಲ್ಲ ಮಣ್ಣುಪಾಲು, ಮತ್ತೆ ಕೊನೆಯಿಂದ ಶುರು. ಯಾರಾದರೂ ಒಂದು ಹುದ್ದೆಗೆ ಜನ ಕೇಳಿದರೆ ಆ ಕಸುಬಿನ ಐದು ಹೆಸರುಗಳನ್ನು ಹಿರಿತನದ ಸಾಲಿನಲ್ಲೇ ಕಳಿಸಬೇಕು, ಆರನೆಯದನ್ನು ಕಳಿಸುವಂತಿಲ್ಲ. ವಯಸ್ಸು ನಲವತ್ತೈದು ತುಂಬಿದರೆ ಹೆಸರು ತಾನಾಗಿಯೇ ಬಿದ್ದುಹೋಗುತ್ತದೆ.

ತಜ್ಞರಿಗೆ ಒಬ್ಬ ತಮ್ಮನಿದ್ದ, ಟೈಲರಿಂಗ್ ಕಲಿತವನು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅಣ್ಣನ ಕೈಯಲ್ಲೇ ಕಾರ್ಡು ಬರೆಸಿಕೊಂಡು ಏಳು ವರ್ಷ ಕಾದ. ಕೊನೆಗೂ ಒಂದು ಬಟ್ಟೆ ಗಿರಣಿಯಿಂದ ಬೇಡಿಕೆ ಬಂದಾಗ ಅವನ ಹೆಸರು ಐವರಿಗಿಂತ ಎರಡು ಸ್ಥಾನ ಕೆಳಗಿತ್ತು. ಅವನು ಕಚೇರಿಗೇ ಬಂದು ಆ ಗಟ್ಟಿ ಕುರ್ಚಿಯಲ್ಲಿ ಕೂತು, ಎರಡೇ ಎರಡು ಸಾಲು ಅಣ್ಣ, ಎಂದು ಕೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆಗಿನ ತಜ್ಞರು ದಾರ ಹಿಡಿದು ಗೆರೆ ಎಳೆದಂಥ ಮನುಷ್ಯ. ಸಾಲು ಅಂದ್ರೆ ಸಾಲು, ನಿನ್ನ ಸರದಿ ಬರುತ್ತೆ ತಡಿ ಎಂದು ಕಳಿಸಿಬಿಟ್ಟರು. ಮೂರನೆಯ ದಿನ ಆ ತಮ್ಮ, ಬೆಳಗಿನ ಟೀ ಕುಡಿದು, ಲೋಟ ತೊಳೆದಿಟ್ಟು, ಮನೆಯಿಂದ ಹೋದ. ಮತ್ತೆ ಬರಲಿಲ್ಲ. ಹುಡುಕಿದರು, ಪೊಲೀಸರಿಗೆ ಬರೆದುಕೊಟ್ಟರು, ಯಾರ್ಯಾರೋ ಅಲ್ಲಿ ಕಂಡೆ ಇಲ್ಲಿ ಕಂಡೆ ಎಂದರು. ಹದಿನೈದು ವರ್ಷ ಆಯಿತು.

ಅವನು ಹೋದ ಮೇಲೆ ನವೀಕರಣದ ತಿಂಗಳು ಬಂದಾಗ ತಜ್ಞರು ಅವನ ಕಾರ್ಡಿನಲ್ಲಿ ‘ಖುದ್ದು ಹಾಜರು’ ಎಂಬ ಚೌಕಕ್ಕೆ ತಾವೇ ಗುರುತು ಹಾಕಿದರು. ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು. ಅವನು ವಾಪಸ್ ಬಂದ್ರೆ ಕೊನೆಯಿಂದ ಶುರು ಮಾಡಬೇಕಾಗುತ್ತಲ್ಲ ಎಂದಷ್ಟೇ ಹೇಳಿ ಕಾರ್ಡನ್ನು ಜಾಗಕ್ಕೆ ಸೇರಿಸಿದರು. ಒಬ್ಬನಿಗೆ ಮಾಡಿದ ಮೇಲೆ ಉಳಿದವರಿಗೆ ಇಲ್ಲ ಎನ್ನಲು ಅವರಿಗೆ ಮನಸ್ಸು ಬರಲಿಲ್ಲ. ಬಾಣಂತಿ, ಕಾಲು ಮುರಿದುಕೊಂಡವನು, ದೂರದ ಊರಿಗೆ ಕೂಲಿಗೆ ಹೋದವನು, ಹೀಗೆ ಬರಲಾಗದ ಎಲ್ಲರ ಕಾರ್ಡಿಗೂ ತಾವೇ ಗುರುತು ಹಾಕುತ್ತ ಬಂದರು. ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಯಾಕೆಂದರೆ ಕೆಲಸ ಕೊಡುತ್ತೇವೆಂದು ಬರುವವರೇ ಇರಲಿಲ್ಲ. ಟೈಲರುಗಳನ್ನಂತೂ ಆ ಗಿರಣಿಯ ನಂತರ ಹದಿನೈದು ವರ್ಷ ಯಾರೂ ಕೇಳಲಿಲ್ಲ.

ಅವರ ತಾಯಿ ಮೂರು ವರ್ಷಕ್ಕೊಮ್ಮೆ ತಪ್ಪದೆ ಒಂದೇ ಮಾತು ಕೇಳುತ್ತಿದ್ದರಂತೆ. ಅವನ ಕಾರ್ಡು ಇದೆಯಾ? ಇದೆ ಅಮ್ಮ. ಅಷ್ಟಕ್ಕೆ ಆಕೆ ಸಮಾಧಾನವಾಗಿ ಒಳಗೆ ಹೋಗುತ್ತಿದ್ದರಂತೆ. ಕಾರ್ಡು ಇದೆ ಎಂದರೆ ಮಗನೂ ಎಲ್ಲೋ ಇದ್ದಾನೆ ಎಂದೇ ಆ ತಾಯಿಯ ಲೆಕ್ಕ.

ಇನ್ನು ನಮ್ಮಲ್ಲಿ ಹೆಸರು ಬರೆಸಿದ್ದ ಒಬ್ಬ ಟೈಲರ್ ಹೆಂಗಸು. ಬಸ್ ನಿಲ್ದಾಣದ ಎದುರಿನ ಕಟ್ಟಡದಲ್ಲಿ, ಮೆಟ್ಟಿಲ ಕೆಳಗೆ, ತಲೆ ಬಗ್ಗಿಸಿಯೇ ಕೂರಬೇಕಾದಷ್ಟು ಜಾಗದಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಸಿದ್ಧ ಉಡುಪಿನ ಅಂಗಡಿಗಳು ಬಂದ ಮೇಲೆ ಹೊಸ ಬಟ್ಟೆ ಹೊಲಿಸುವವರು ಹೋದರು. ಉಳಿದದ್ದು ಜಿಪ್ ಬದಲಿಸುವುದು, ಪ್ಯಾಂಟಿನ ಉದ್ದ ಕಡಿಮೆ ಮಾಡುವುದು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಹದಿನೆಂಟು ವರ್ಷದಲ್ಲಿ ಒಂದು ನವೀಕರಣವನ್ನೂ ಅವಳು ತಪ್ಪಿಸಿರಲಿಲ್ಲ. ತಿಂಗಳ ಮೊದಲ ದಿನವೇ, ಬಾಗಿಲು ತೆಗೆಯುವ ಮುಂಚೆ ಬಂದು ನಿಂತಿರುತ್ತಿದ್ದಳು. ಕಾರ್ಡಿಗೆ ಪ್ಲಾಸ್ಟಿಕ್ಕಿನ ಚೀಲವನ್ನು ತಾನೇ ಹೊಲಿದು, ಅದಕ್ಕೊಂದು ಗುಂಡಿಯನ್ನೂ ಇಟ್ಟಿದ್ದಳು.

ಏನಮ್ಮ, ಅಷ್ಟು ಜೋಪಾನ ಮಾಡ್ತೀಯ, ಅದೇನು ಒಡವೆಯಾ ಎಂದು ನಾನೊಮ್ಮೆ ರೇಗಿಸಿದೆ. ಅವಳು ನಕ್ಕು, ಸಾಯೋದ್ರೊಳಗೆ ಒಂದು ದಿನನಾದ್ರೂ ಹಾಜರಿ ಪುಸ್ತಕದಲ್ಲಿ ಸಹಿ ಹಾಕ್ಬೇಕು ಮೇಡಂ ಎಂದಳು. ನಾನು ದಿನಾ ಬೆಳಿಗ್ಗೆ ಗೊಣಗುತ್ತ, ಗಡಿಯಾರಕ್ಕೆ ಶಾಪ ಹಾಕುತ್ತ ಮಾಡುವ ಸಹಿ ಅದು. ಅವತ್ತಿನ ಮಟ್ಟಿಗೆ ನನಗೆ ನಾಚಿಕೆಯಾಯಿತು. ಮರುದಿನ ಮತ್ತೆ ಗೊಣಗಿದೆ.

ಹಾಗಿರುವಾಗ ಒಂದು ಮಂಗಳವಾರ ದೊಡ್ಡಾಸ್ಪತ್ರೆಯಿಂದ ಪತ್ರ ಬಂತು. ಹಾಸಿಗೆ ಬಟ್ಟೆ, ರೋಗಿಗಳ ಅಂಗಿ, ಪರದೆ ಹೊಲಿಯಲು ಒಬ್ಬ ಟೈಲರ್ ಬೇಕು, ಕಾಯಂ ಹುದ್ದೆ. ತಜ್ಞರು ಓದಿ ಎದ್ದು ನಿಂತರು, ಮತ್ತೆ ಕೂತರು, ಕುಂಟು ಕುರ್ಚಿ ಕಿರ್ ಎಂದಿತು. ಟೈಲರ್ ಹೆಂಗಸಿಗೆ ಆ ತಿಂಗಳ ಕೊನೆಗೆ ನಲವತ್ತೈದು ತುಂಬುತ್ತಿತ್ತು. ಪಟ್ಟಿ ಹೋಗುವ ದಿನ ವಯಸ್ಸು ಒಳಗಿದ್ದರೆ ಸಾಕು. ಇದು ಬಿಟ್ಟರೆ ಅವಳಿಗೆ ಈ ಜನ್ಮದಲ್ಲಿ ಇನ್ನೊಂದು ಪಟ್ಟಿ ಇಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಖುಷಿಯಿಂದಲೇ ಟೈಲರುಗಳ ಸಾಲನ್ನು ತೆಗೆದು ಟೈಪ್ ಮಾಡಲು ಕೂತೆ.

ಐದನೆಯ ಹೆಸರಿಗೆ ಬಂದಾಗ ನನ್ನ ಕೈ ನಿಂತಿತು. ಅದು ತಮ್ಮನ ಹೆಸರು. ಟೈಲರ್ ಹೆಂಗಸು ಆರನೆಯವಳು.

ಮೇಲಿನ ನಾಲ್ಕು ಹೆಸರುಗಳೂ ತಜ್ಞರ ಗುರುತಿನಿಂದಲೇ ಉಳಿದಿದ್ದವು. ಒಬ್ಬ ಪರದೇಶದಲ್ಲಿ, ಒಬ್ಬಳು ಮದುವೆಯಾಗಿ ಹೋದವಳು, ಒಬ್ಬ ಸ್ವಂತ ಅಂಗಡಿ ಇಟ್ಟವನು, ಇನ್ನೊಬ್ಬ ಸತ್ತು ಎರಡು ವರ್ಷವಾಗಿತ್ತು. ನಾನು ಟೈಪ್ ಮಾಡಿದ ಹಾಳೆಯನ್ನು ಅವರ ಮುಂದಿಟ್ಟೆ. ಅವರು ಕೆಂಪು ಪೆನ್ಸಿಲ್ ಹಿಡಿದುಕೊಂಡು ಎಷ್ಟೋ ಹೊತ್ತು ಕೂತರು. ಒಂದೇ ಒಂದು ಗೆರೆ ಸಾಕಿತ್ತು. ನಾನು ದನಿ ತಗ್ಗಿಸಿ, ಸಾರ್, ಆ ನಾಲ್ವರಲ್ಲಿ ಯಾರಾದರೂ ಒಬ್ಬರನ್ನು ತೆಗೀರಿ, ಸತ್ತವನನ್ನಾದರೂ ತೆಗೀರಿ ಎಂದೆ.

“ಅವರನ್ನ ತೆಗೆದು ನನ್ನ ತಮ್ಮನ್ನ ಉಳಿಸ್ಕೊಂಡ್ರೆ ಅದು ಮೋಸ ಆಗುತ್ತೆ,” ಎಂದರು. “ಗುರುತು ಸುಳ್ಳು ಅಂತ ಒಬ್ಬರಿಗೆ ಬರೆದ್ರೆ ಐದೂ ಜನಕ್ಕೂ ಬರೀಬೇಕು. ಅಮ್ಮನಿಗೆ ಏನು ಹೇಳಲಿ?”

ನನಗೆ ರೇಗಿತು. ಸುಳ್ಳು ಗುರುತು ಹಾಕುವುದರಲ್ಲೂ ಸಾಲು ತಪ್ಪಬಾರದು ಎನ್ನುವ ಮನುಷ್ಯನಿಗೆ ಏನು ಹೇಳುವುದು? ಆದರೆ ಅವರು ಮೂರ್ಖರಲ್ಲ. ತಮ್ಮ ಮೂವತ್ತೊಂದು ವರ್ಷದ ಅನುಭವವನ್ನೆಲ್ಲ ಮೇಜಿನ ಮೇಲೆ ಹರಡಿ ನನಗೆ ತಿಳಿಸಿ ಹೇಳಿದರು. ಈ ಐವರಲ್ಲಿ ಒಬ್ಬರೂ ಸಂದರ್ಶನಕ್ಕೆ ಹೋಗುವುದಿಲ್ಲ. ಯಾರೂ ಹೋಗದಿದ್ದಾಗ ಎರಡನೇ ಪಟ್ಟಿ ಕಳಿಸಿ ಎಂದು ಆಸ್ಪತ್ರೆಯವರು ವಾರದೊಳಗೆ ಕೇಳಿಯೇ ಕೇಳುತ್ತಾರೆ, ಇಷ್ಟು ವರ್ಷವೂ ಹಾಗೇ ಆಗಿದೆ. ಎರಡನೇ ಪಟ್ಟಿಯಲ್ಲಿ ಅವಳದೇ ಮೊದಲ ಹೆಸರು. ತಿಂಗಳು ಮುಗಿಯಲು ಇನ್ನೂ ಇಪ್ಪತ್ತೆರಡು ದಿನ ಇದೆ. ತಮ್ಮನ ಹೆಸರೂ ಉಳಿಯುತ್ತದೆ, ಅವಳಿಗೆ ಕೆಲಸವೂ ಆಗುತ್ತದೆ. ಹೀಗೆಂದು ಸಹಿ ಹಾಕಿದರು. ಅವರು ತಜ್ಞರು, ನಾನು ಟೈಪ್ ಮಾಡುವವಳು. ಬಾಯಿಗೆ ಬೀಗ ಹಾಕಿಕೊಂಡು ಲಕೋಟೆಗೆ ಅಂಟು ಹಚ್ಚಿದೆ. ಆ ಅಂಟಿನಲ್ಲಿ ನನ್ನ ಬೆರಳೂ ಇದೆ, ಇಲ್ಲವೆಂದು ನಾನು ಹೇಳುವುದಿಲ್ಲ.

ಪಟ್ಟಿಯಲ್ಲಿರುವವರಿಗೆಲ್ಲ ನಮ್ಮ ಕಚೇರಿಯಿಂದಲೇ ಮನೆ ವಿಳಾಸಕ್ಕೆ ಸಂದರ್ಶನದ ಪತ್ರ ಹೋಗುತ್ತದೆ. ಇದು ನನಗೂ ಅವರಿಗೂ ಹೊಳೆಯಲೇ ಇಲ್ಲ ನೋಡಿ. ಸಾವಿರಾರು ಪತ್ರ ಕಳಿಸಿದವರು ನಾವು. ಅವು ಯಾವುದೋ ಬಾಗಿಲಿಗೆ ಹೋಗಿ ಬೀಳುತ್ತವೆ ಎಂಬುದೇ ಮರೆತುಹೋಗಿತ್ತು. ಆ ಪತ್ರ ತಜ್ಞರ ಮನೆಗೇ ಹೋಯಿತು, ತಾಯಿಯ ಕೈಗೇ ಸಿಕ್ಕಿತು.

ಆಕೆ ಅದನ್ನು ಮಗನಿಗೆ ತೋರಿಸಲಿಲ್ಲ. ಸಂತೋಷದ ಸುದ್ದಿಯನ್ನು ಹೇಳಿಬಿಟ್ಟರೆ ಕೈತಪ್ಪಿ ಹೋಗುತ್ತದೇನೋ ಎಂಬ ಅಳುಕು. ಕಿರಿಮಗನ ಅಂಗಿಯನ್ನು ಪೆಟ್ಟಿಗೆಯಿಂದ ತೆಗೆದು ಒಗೆದು ಇಸ್ತ್ರಿ ಮಾಡಿದರು. ಸಂದರ್ಶನದ ದಿನ ಹಿರಿಮಗ ಕಚೇರಿಗೆ ಹೊರಟ ಮೇಲೆ ಅಂಗಿಯನ್ನು ಚೀಲದಲ್ಲಿಟ್ಟುಕೊಂಡು, ಎರಡು ಬಸ್ಸು ಬದಲಿಸಿ ಆಸ್ಪತ್ರೆಗೆ ಹೋಗಿ, ಸಂದರ್ಶನದ ಕೋಣೆಯ ಎದುರಿನ ಬೆಂಚಿನಲ್ಲಿ ಕೂತರು. ಕೆಲಸಕ್ಕೆ ಕರೆ ಬಂದಿದೆ, ಇಷ್ಟು ವರ್ಷ ಕಾದವನು ಇದಕ್ಕಾದರೂ ಬರುತ್ತಾನೆ ಎಂದು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಕೊನೆಗೆ ಅಲ್ಲಿಯ ಗುಮಾಸ್ತ ಪತ್ರದ ಮೇಲಿದ್ದ ನಮ್ಮ ಕಚೇರಿಯ ಫೋನಿಗೆ ಕರೆ ಮಾಡಿದ. ಎತ್ತಿದವಳು ನಾನು. ನಿಮ್ಮ ಕಡೆಯ ಅಭ್ಯರ್ಥಿಯ ತಾಯಿ ಇಲ್ಲಿದ್ದಾರೆ, ಎದ್ದೇಳುತ್ತಿಲ್ಲ ಎಂದ.

ತಜ್ಞರ ಜೊತೆ ನಾನೂ ಹೋದೆ. ಮುದುಕಿ ಗೋಡೆಗೆ ತಲೆ ಒರಗಿಸದೆ ನೆಟ್ಟಗೆ ಕೂತಿದ್ದರು. ಮಗನನ್ನು ಕಂಡು, “ಬಾಗಿಲು ಹಾಕಬೇಡಿ ಅಂತ ಅವರಿಗೆ ಒಂದು ಮಾತು ಹೇಳೋ. ನಿನ್ನ ಪರಿಚಯದವರಲ್ಲವಾ?” ಎಂದರು. ತಜ್ಞರು ಅವರ ಪಕ್ಕದಲ್ಲಿ ಕೂತು ಚೀಲವನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಕೋಣೆಯ ಬಾಗಿಲಿಗೆ ಬೀಗ ಬಿತ್ತು. ಅವರಿಬ್ಬರೂ ಅಳಲಿಲ್ಲ, ಅತ್ತವಳು ನಾನು.

ಎರಡನೇ ಪಟ್ಟಿಗೆ ಆಸ್ಪತ್ರೆಯಿಂದ ಪತ್ರ ಬರಲಿಲ್ಲ. ಒಂದು ವಾರ ಕಾದೆವು, ಹತ್ತು ದಿನ ಕಾದೆವು. ಹನ್ನೊಂದನೆಯ ದಿನ ಬಂದದ್ದು ಬೇರೆಯೇ ಕಾಗದ. ಐದು ಹೆಸರು ಕಳಿಸಿ ಐವರೂ ಗೈರುಹಾಜರಾದ್ದರಿಂದ, ಈ ಕಸುಬಿನಲ್ಲಿ ಅರ್ಹರು ಲಭ್ಯವಿಲ್ಲ ಎಂದು ಪ್ರಮಾಣಪತ್ರ ಕೊಡಿ, ಹೊಲಿಗೆಯನ್ನು ಗುತ್ತಿಗೆಗೆ ಕೊಡಲು ಮೇಲಿನವರು ಹೇಳಿದ್ದಾರೆ ಎಂದು. ತಜ್ಞರು ತಾವೇ ಎರಡನೇ ಪಟ್ಟಿ ಬರೆದುಕೊಂಡು ಆಸ್ಪತ್ರೆಗೆ ಓಡಿದರು. ಹೊಸ ನಿಯಮದ ಪ್ರಕಾರ ಒಂದೇ ಪಟ್ಟಿ, ಎರಡನೆಯದು ಹೋದ ವರ್ಷವೇ ನಿಂತಿದೆ, ಸುತ್ತೋಲೆ ನಿಮಗೂ ಬಂದಿರಬೇಕಲ್ಲ ಎಂದರಂತೆ ಅಲ್ಲಿಯ ಆಡಳಿತಾಧಿಕಾರಿ. ಬಂದಿತ್ತು. ಬೀರುವಿನಲ್ಲಿ ಹುಡುಕಿದಾಗ ಸಿಕ್ಕಿತು, ತಜ್ಞರ ಸಹಿಯೂ ಇತ್ತು ಅದರ ಮೇಲೆ. ಯಾರೂ ಕೆಲಸ ಕೊಡದ ಕಡೆ ಸುತ್ತೋಲೆ ಯಾರು ಓದುತ್ತಾರೆ? ನಾವೆಲ್ಲ ಸಹಿ ಹಾಕಿ ಮುಂದಿನವರಿಗೆ ದಾಟಿಸುತ್ತಿದ್ದೆವು.

‘ಟೈಲರ್ ವೃತ್ತಿಯಲ್ಲಿ ಅರ್ಹ ಅಭ್ಯರ್ಥಿಗಳು ಲಭ್ಯರಿರುವುದಿಲ್ಲ.’ ಆ ಸಾಲನ್ನು ನಾನೇ ಟೈಪ್ ಮಾಡಿದೆ, ಅವರೇ ಸಹಿ ಮಾಡಿದರು. ಎರಡೇ ದಿನಕ್ಕೆ ತಿಂಗಳು ಮುಗಿಯಿತು.

ಮುಂದಿನ ತಿಂಗಳ ಮೊದಲ ದಿನ ಟೈಲರ್ ಹೆಂಗಸು ಬಾಗಿಲು ತೆಗೆಯುವ ಮುಂಚೆ ಬಂದು ನಿಂತಿದ್ದಳು. ಅದು ಅವಳ ನವೀಕರಣದ ತಿಂಗಳು. ವಯಸ್ಸು ದಾಟಿದೆ ಎಂದು ಅವಳಿಗೂ ಗೊತ್ತು, ಆದರೂ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಕಾರ್ಡು ಹಿಡಿದು ಬಂದಿದ್ದಳು. ಆಸ್ಪತ್ರೆಯ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ಗಟ್ಟಿ ಕುರ್ಚಿಯ ಅಂಚಿನಲ್ಲಿ ಕೂತು, ಜಗಳದ ದನಿಯಲ್ಲಲ್ಲ, ದಾರಿ ಕೇಳುವವರ ದನಿಯಲ್ಲಿ ಕೇಳಿದಳು.

“ಸಾರ್, ಪಟ್ಟಿಯಲ್ಲಿ ನಾನು ಎಷ್ಟನೆಯವಳಿದ್ದೆ?”

ಯಾರಾದರೂ ಏನಾದರೂ ಹೇಳಿ ಜಾರಿಕೊಳ್ಳುತ್ತಿದ್ದರು. ನಾನಾಗಿದ್ದರೆ ಹದಿನೆಂಟನೆಯವಳು ಎನ್ನುತ್ತಿದ್ದೆ. ಅವರು, ಆರು ಎಂದರು.

“ಐದನೆಯವರು ಯಾರು?”

“ನನ್ನ ತಮ್ಮ.”

“ಅವರು ಹೋಗಲಿಲ್ವಾ ಸಾರ್?”

“ಅವನು ಮನೆಬಿಟ್ಟು ಹೋಗಿ ಹದಿನೈದು ವರ್ಷ ಆಯ್ತಮ್ಮ. ಅವನ ಕಾರ್ಡಿಗೆ ನಾನೇ ಗುರುತು ಹಾಕ್ತಾ ಬಂದೆ. ಮೇಲಿನ ನಾಲ್ವರಿಗೂ ನಾನೇ ಹಾಕಿದ್ದು. ಅವನ ಹೆಸರು ಹೊಡೆದುಹಾಕಿದ್ರೆ ನಿನಗೆ ಸಿಕ್ತಿತ್ತು. ನಾನು ಹೊಡೆದುಹಾಕಲಿಲ್ಲ.”

ಬೈಯಲಿ, ಕಾರ್ಡನ್ನು ಅವರ ಮುಖಕ್ಕೆ ಎಸೆಯಲಿ ಎಂದು ನಾನು ಒಳಗೊಳಗೇ ಹಾರೈಸಿದೆ. ಅವಳು ಕಾರ್ಡಿನ ಚೀಲದ ಗುಂಡಿ ಬಿಚ್ಚಿದಳು, ಹಾಕಿದಳು, ಮತ್ತೆ ಬಿಚ್ಚಿದಳು.

“ನಮ್ಮೆಜಮಾನ್ರು ಹೋದ ಮೂರನೇ ದಿನ ನಾನು ಇಲ್ಲಿಗೆ ಬಂದಿದ್ದೆ,” ಎಂದಳು. “ಅವರ ಕಾಯಿಲೆಯಲ್ಲಿ ಆ ಸಲ ಮೊದಲನೇ ದಿನ ಬರೋಕಾಗಿರಲಿಲ್ಲ, ತಿಂಗಳ ಕೊನೇ ದಿನ ಅದು. ತಪ್ಪಬಾರದು ಅಂತ. ನಮ್ಮತ್ತೆ ಬಾಯಿಗೆ ಬಂದ ಹಾಗೆ ಬೈದ್ರು. ಬರದೇ ಇದ್ರೂ ಆಗ್ತಿತ್ತು ಅನ್ನಿ.”

ಅಷ್ಟು ಹೇಳಿ ಎದ್ದಳು. ಕಾರ್ಡು ಮೇಜಿನ ಮೇಲೆಯೇ ಉಳಿಯಿತು. ಮರೆತಳೋ ಬಿಟ್ಟಳೋ ಗೊತ್ತಿಲ್ಲ. ತಜ್ಞರು ಅದನ್ನು ಹಿಡಿದುಕೊಂಡು ಬಾಗಿಲ ತನಕ ಹೋದರು, ಕರೆಯದೆಯೇ ವಾಪಸು ಬಂದರು. ಆಮೇಲೆ ಒಂದೆರಡು ಸಲ ನಾನು ಬಸ್ ನಿಲ್ದಾಣದ ಎದುರು ಹೋದಾಗ ಮೆಟ್ಟಿಲ ಕೆಳಗೆ ಯಂತ್ರ ಇತ್ತು, ಅವಳೂ ಇದ್ದಳು. ಬಟ್ಟೆಯಿಂದ ತಲೆ ಎತ್ತಲಿಲ್ಲ. ನಾನೂ ಮಾತಾಡಿಸುವ ಧೈರ್ಯ ಮಾಡಲಿಲ್ಲ.

ತಜ್ಞರು ತಮ್ಮ ತಪ್ಪನ್ನು ಬರೆದು ಮೇಲಿನವರಿಗೆ ಕಳಿಸಿದರು, ಐದೂ ಹೆಸರಿನ ಸಮೇತ. ಶಿಕ್ಷೆಯಾದರೂ ಆಗಲಿ ಎಂದು ಅವರಿಗಿತ್ತು. ಎರಡು ತಿಂಗಳ ನಂತರ ‘ಕಡತದಲ್ಲಿ ಇಡಿ’ ಎಂದು ಬರೆದು ಅದು ನಮಗೇ ತಿರುಗಿ ಬಂತು. ಅವರಿಗೆ ಕೋಪ ಬಂದದ್ದನ್ನು ನಾನು ಕಂಡದ್ದು ಅವತ್ತೊಂದೇ ದಿನ. ಕಾಗದವನ್ನು ಮುದ್ದೆ ಮಾಡಿ, ಆಮೇಲೆ ಮೇಜಿನ ಮೇಲಿಟ್ಟು ಅಂಗೈಯಿಂದ ತಿಕ್ಕಿ ತಿಕ್ಕಿ ನೇರ ಮಾಡಿ, ಕಡತದಲ್ಲಿಟ್ಟರು.

ಆ ನಾಲ್ವರ ಕಾರ್ಡನ್ನು ಅವತ್ತೇ ರದ್ದು ಮಾಡಿದರು. ತಮ್ಮನದಕ್ಕೆ ಬಂದಾಗ ಪೆನ್ನು ಹಿಡಿದು ಕೂತರು, ನಾನು ಕಿಟಕಿಯ ಕಡೆ ಮುಖ ಮಾಡಿದೆ. ಕೊನೆಗೂ ಅವರಿಂದ ಅದು ಆಗಲಿಲ್ಲ, ಆಗುವ ಅಗತ್ಯವೂ ಬೀಳಲಿಲ್ಲ. ಆಸ್ಪತ್ರೆಗೆ ಪಟ್ಟಿ ಹೋದ ನಾಲ್ಕನೆಯ ತಿಂಗಳಿಗೆ ತಮ್ಮನಿಗೂ ನಲವತ್ತೈದು ತುಂಬಿತು. ಹೆಸರು ತಾನಾಗಿಯೇ ಬಿದ್ದುಹೋಯಿತು. ಅವಳಿಗೆ ಸಿಗಬಹುದಾಗಿದ್ದ ಆ ಕಾಯಂ ಕೆಲಸವನ್ನು ಅವರು ಕೈಬಿಟ್ಟದ್ದು ಬರೀ ನಾಲ್ಕು ತಿಂಗಳಿಗಾಗಿ. ಆ ಲೆಕ್ಕ ಅವರಿಗೆ ಪಟ್ಟಿಗೆ ಸಹಿ ಹಾಕುವ ದಿನವೇ ಗೊತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ತಮ್ಮನ ಹುಟ್ಟಿದ ದಿನ ಯಾವ ಅಣ್ಣನಿಗೆ ಗೊತ್ತಿರುವುದಿಲ್ಲ? ತಾಯಿ ಆ ವಾರ ಮತ್ತೆ ಕೇಳಿದರಂತೆ. ಇದೆ ಅಮ್ಮ ಎಂದರಂತೆ ಇವರು.

ವಯಸ್ಸು ಮೀರಿದವರ ಕಾರ್ಡುಗಳನ್ನು ಕಸುಬಿನ ಪ್ರಕಾರ, ಹಿರಿತನದ ಸಾಲಿನಲ್ಲಿ ಜೋಡಿಸಿ, ಕಟ್ಟು ಕಟ್ಟಿ ಒಳಗಿನ ಕೋಣೆಯಲ್ಲಿ ಇಡುವುದು ವರ್ಷದ ಕೊನೆಯ ಕೆಲಸ. ಆ ವರ್ಷ ಟೈಲರುಗಳ ಕಟ್ಟಿನಲ್ಲಿ ಇದ್ದದ್ದು ಎರಡೇ ಕಾರ್ಡು. ನಿಯಮದಂತೆ ತಮ್ಮನದು ಮೇಲೆ, ಅವಳದು ಕೆಳಗೆ, ಪ್ಲಾಸ್ಟಿಕ್ ಚೀಲ ಗುಂಡಿಯ ಸಮೇತ. ನಾನು ದಾರ ಸುತ್ತಲು ಹೊರಟಾಗ ತಜ್ಞರು ಎದ್ದು ಬಂದು ಕೈ ಚಾಚಿದರು. ಎರಡು ಕಾರ್ಡನ್ನೂ ತೆಗೆದುಕೊಂಡು, ಅವಳದನ್ನು ಮೇಲಿಟ್ಟು, ತಮ್ಮನದನ್ನು ಕೆಳಗಿಟ್ಟು, ಅಂಚು ಸರಿಮಾಡಿ ನನಗೆ ಕೊಟ್ಟರು. ಮೂವತ್ತೊಂದು ವರ್ಷದಲ್ಲಿ ಅವರು ಸಾಲು ಬದಲಿಸಿದ್ದು ಅದೊಂದೇ ಸಲ. ನಾನು ಹಾಗೇ ದಾರ ಬಿಗಿದು ಗಂಟು ಹಾಕಿದೆ.